ಎರಡು ಬೀಗ, ಒಂದೇ ಕೀಲಿ: ಕಂಪನಿಯ ಮಾತನ್ನೇ ಸರ್ಕಾರ ತಪಾಸಣೆ ಅಂದುಕೊಂಡಾಗ

2020ರ ಮೇ 7ರ ನಸುಕು. ದೇಶಕ್ಕೆ ದೇಶವೇ ಲಾಕ್‌ಡೌನ್‌ನಲ್ಲಿತ್ತು. ವಿಶಾಖಪಟ್ಟಣದ ಆರ್‌.ಆರ್‌. ವೆಂಕಟಾಪುರಂನಲ್ಲಿದ್ದ ಎಲ್‌ಜಿ ಪಾಲಿಮರ್ಸ್ ಕಾರ್ಖಾನೆಯ ಟ್ಯಾಂಕೊಂದರಿಂದ ಸ್ಟೈರೀನ್ ಆವಿ ಹೊರಬಂತು. ಮಲಗಿದ್ದವರು ಎದ್ದು ಓಡಿದರು, ಓಡುತ್ತಲೇ ರಸ್ತೆಯಲ್ಲಿ ಕುಸಿದರು. 12 ಜನ ಸತ್ತರು, ನೂರಾರು ಮಂದಿ ಆಸ್ಪತ್ರೆ ಸೇರಿದರು. ಟಿವಿಗಳು ಕೆಲವು ದಿನ ‘ದುರಂತ’ ಅಂದವು, ಆಮೇಲೆ ಮರೆತವು.

ದುರಂತ ಅನ್ನೋ ಪದದಲ್ಲೇ ನನಗೆ ತಕರಾರಿದೆ. ಸಿಡಿಲು ಬಡಿದ ಹಾಗೆ, ಯಾರದ್ದೂ ತಪ್ಪಿಲ್ಲದ ಹಾಗೆ ಕೇಳಿಸುತ್ತೆ ಅದು. ಆ ಟ್ಯಾಂಕ್‌ನ ಕಥೆ ಹಾಗಿಲ್ಲ.

ಟ್ಯಾಂಕ್ ಒಳಗೆ ಆಗಿದ್ದೇನು?

ಸ್ಟೈರೀನ್ ಅಂದ್ರೆ ಥರ್ಮಾಕೋಲ್, ಪ್ಲಾಸ್ಟಿಕ್ ಲೋಟಗಳ ಮೂಲ ದ್ರವ. ಅದರ ಅಣುಗಳು ತಾವಾಗಿಯೇ ಒಂದಕ್ಕೊಂದು ಕೊಂಡಿ ಹಾಕಿಕೊಳ್ಳುತ್ತವೆ. ಕೊಂಡಿ ಬಿದ್ದಂತೆಲ್ಲ ಶಾಖ ಹುಟ್ಟುತ್ತೆ, ಶಾಖ ಏರಿದಂತೆಲ್ಲ ಕೊಂಡಿ ಬೀಳುವ ವೇಗ ಹೆಚ್ಚುತ್ತೆ. ಒಂದು ಹಂತ ದಾಟಿದರೆ ಇದನ್ನು ಹಿಡಿಯೋಕಾಗಲ್ಲ. ಅದಕ್ಕೇ ದ್ರವವನ್ನು ತಣ್ಣಗಿಡಬೇಕು, ಜೊತೆಗೆ ಟಿಬಿಸಿ ಅನ್ನೋ ತಡೆ ರಾಸಾಯನಿಕ ಬೆರೆಸುತ್ತಿರಬೇಕು.

ಆಂಧ್ರ ಸರ್ಕಾರದ ಉನ್ನತಾಧಿಕಾರ ಸಮಿತಿ ಅದೇ ಜುಲೈನಲ್ಲಿ ಕೊಟ್ಟ ವರದಿ ಓದಿದರೆ ಮೈ ಉರಿಯುತ್ತೆ. ಶೈತ್ಯೀಕರಣ ಘಟಕವನ್ನು ಸಂಜೆ ಆಫ್ ಮಾಡಲಾಗುತ್ತಿತ್ತು. ಟಿಬಿಸಿ ದಾಸ್ತಾನು ಸಾಕಷ್ಟಿರಲಿಲ್ಲ. 2019ರ ಡಿಸೆಂಬರ್‌ನಲ್ಲಿ ಪೈಪ್ ಜೋಡಣೆ ಬದಲಿಸಿದ್ದರಿಂದ ಟ್ಯಾಂಕ್ ಒಳಗಿನ ದ್ರವ ಸರಿಯಾಗಿ ತಿರುಗಾಡುತ್ತಿರಲಿಲ್ಲ. ಸೈರನ್ ಒತ್ತಲು ಕಾರ್ಖಾನೆಯೊಳಗೆ 36 ಜಾಗಗಳಿದ್ದವು, ಒಂದೂ ಮೊಳಗಲಿಲ್ಲ. ಇನ್ನು ಉಷ್ಣಾಂಶ? ಅದನ್ನು ಅಳೆಯುತ್ತಿದ್ದದ್ದು ಟ್ಯಾಂಕ್‌ನ ತಳದಲ್ಲಿ ಮಾತ್ರ. ಬಿಸಿಯಾದದ್ದು ಮೇಲಕ್ಕೇರುತ್ತೆ ಅನ್ನೋದು ಹೈಸ್ಕೂಲ್ ಪಾಠ. ತಳದಲ್ಲಿ ಎಲ್ಲ ಸರಿಯಿದೆ ಅಂತ ಅಂಕಿ ಬರುತ್ತಿದ್ದಾಗ ಮೇಲ್ಭಾಗ ಕುದಿಯುತ್ತಿತ್ತು.

ಎರಡು ಬೀಗ ಇದ್ದರೆ ಸಾಕಾ?

ನಾನು ಇಂಜಿನಿಯರಿಂಗ್ ಓದಿದ್ದರಲ್ಲಿ ಇವತ್ತಿಗೂ ನೆನಪಿರುವ ಒಂದು ನಿಯಮವಿದೆ. ಸುರಕ್ಷತೆಗೆ ಒಂದೇ ರಕ್ಷಣೆ ಸಾಲದು, ಪದರ ಪದರವಾಗಿರಬೇಕು. ಆದರೆ ಒಂದು ಷರತ್ತು: ಪದರಗಳು ಒಂದನ್ನೊಂದು ನೆಚ್ಚಿಕೊಂಡಿರಬಾರದು. ಬಾಗಿಲಿಗೆ ಎರಡು ಬೀಗ ಹಾಕಿ ಎರಡಕ್ಕೂ ಒಂದೇ ಕೀಲಿ ಇಟ್ಟರೆ, ಇರೋದು ಒಂದೇ ಬೀಗ.

ಸರ್ಕಾರದ ತಪಾಸಣೆ ಅಂಥದ್ದೊಂದು ಪ್ರತ್ಯೇಕ ಪದರ ಆಗಬೇಕಿತ್ತು. ಕಂಪನಿ ಕಾಣದ್ದನ್ನು, ಅಥವಾ ಕಾಣಲು ಒಲ್ಲದ್ದನ್ನು ಕಾಣುವ ಕಣ್ಣು ಅದು. ಇಲ್ಲಿ ನಡೆದದ್ದು ನೋಡಿ. 2019ರ ಮೇನಲ್ಲಿ ಕಂಪನಿಯೇ ರಾಜ್ಯ ಪರಿಸರ ಪ್ರಾಧಿಕಾರಕ್ಕೆ ಅಫಿಡವಿಟ್ ಕೊಟ್ಟು, ತಯಾರಿಸುತ್ತಿರುವ ಪ್ರಮಾಣಕ್ಕೆ ಸಿಂಧುವಾದ ಪರಿಸರ ಅನುಮತಿ ತನ್ನ ಬಳಿ ಇಲ್ಲ ಅಂತ ಒಪ್ಪಿಕೊಂಡಿತ್ತು. ಗುಟ್ಟಾಗಿ ಅಲ್ಲ, ಸಹಿ ಹಾಕಿ. ಕಾರ್ಖಾನೆ ನಿಲ್ಲಲಿಲ್ಲ. ಒಂದು ವರ್ಷದ ನಂತರ ಹೆಣ ಬಿದ್ದ ಮೇಲೆ ಕಾರ್ಖಾನೆ ಇಲಾಖೆ, ಮಾಲಿನ್ಯ ನಿಯಂತ್ರಣ ಮಂಡಳಿಗಳ ಲೋಪ ಸಮಿತಿಗೆ ಕಂಡಿತು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತೆ.

ಇದು ಬಡದೇಶದ ರೋಗ ಅಂದುಕೊಳ್ಳಬೇಡಿ. 2013ರ ಏಪ್ರಿಲ್ 17ರಂದು ಅಮೆರಿಕದ ಟೆಕ್ಸಾಸ್‌ನ ವೆಸ್ಟ್ ಎಂಬ ಪುಟ್ಟ ಊರಲ್ಲಿ ಗೊಬ್ಬರದ ಗೋದಾಮಿನಲ್ಲಿದ್ದ ಅಮೋನಿಯಂ ನೈಟ್ರೇಟ್ ಸ್ಫೋಟಿಸಿ 15 ಜನ ಸತ್ತರು. ಬೆಂಕಿಯ ಅಥವಾ ಸ್ಫೋಟದ ಅಪಾಯ ಇಲ್ಲ ಅಂತ ಆ ಕಂಪನಿ ಸರ್ಕಾರಕ್ಕೆ ಬರೆದುಕೊಟ್ಟಿತ್ತು. ಅಲ್ಲಿಗೆ ಕಾರ್ಮಿಕ ಸುರಕ್ಷತಾ ಸಂಸ್ಥೆಯ ತಪಾಸಣೆ ಕೊನೆಯದಾಗಿ ನಡೆದಿದ್ದು 1985ರಲ್ಲಿ.

ನಾವೀಗ ಹೋಗ್ತಿರೋದು ಎತ್ತ ಕಡೆ?

ಭೋಪಾಲ್ ಆದ ಮೇಲೆ ಕಾನೂನುಗಳು ಗಟ್ಟಿಯಾದವು. 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಅಪಾಯಕಾರಿ ಉದ್ಯಮಗಳ ಅಧ್ಯಾಯ ಸೇರಿತು. 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ನಿಯಮಗಳು ಬಂದವು. ಈಗ ಗಾಳಿ ತಿರುಗಿದೆ.

2023ರ ಜನ ವಿಶ್ವಾಸ್ ಕಾಯ್ದೆ ಪರಿಸರ ಸಂರಕ್ಷಣಾ ಕಾಯ್ದೆಯ ಉಲ್ಲಂಘನೆಗಿದ್ದ ಜೈಲು ಶಿಕ್ಷೆ ತೆಗೆದು 10 ಸಾವಿರದಿಂದ 15 ಲಕ್ಷ ರೂಪಾಯಿವರೆಗಿನ ದಂಡ ಇಟ್ಟಿತು. ದೊಡ್ಡ ಕಂಪನಿಗೆ 15 ಲಕ್ಷ ಅಂದ್ರೆ ಖರ್ಚಿನ ಪಟ್ಟಿಯಲ್ಲಿ ಇನ್ನೊಂದು ಸಾಲು, ಅಷ್ಟೇ. ಅನುಮತಿ ಇಲ್ಲದೆ ಶುರು ಮಾಡಿ ಆಮೇಲೆ ಸಕ್ರಮ ಮಾಡಿಕೊಳ್ಳುವ ದಾರಿಯನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಮುಚ್ಚಿತು, ನವೆಂಬರ್‌ನಲ್ಲಿ 2-1ರ ಬಹುಮತದಿಂದ ಅದೇ ತೀರ್ಪನ್ನು ಹಿಂಪಡೆಯಿತು. ಅದೇ ತಿಂಗಳು ಜಾರಿಗೆ ಬಂದ ಕಾರ್ಮಿಕ ಸುರಕ್ಷತಾ ಸಂಹಿತೆಯಲ್ಲಿ ಇನ್‌ಸ್ಪೆಕ್ಟರ್‌ನ ಹೆಸರೂ ಬದಲಾಗಿದೆ: ‘ಇನ್‌ಸ್ಪೆಕ್ಟರ್-ಕಮ್-ಫೆಸಿಲಿಟೇಟರ್’. ಹಿಡಿಯುವವನೂ ಅವನೇ, ಅನುಕೂಲ ಮಾಡಿಕೊಡುವವನೂ ಅವನೇ.

‘ಹಾಗಾದ್ರೆ ಮತ್ತೆ ಇನ್‌ಸ್ಪೆಕ್ಟರ್ ರಾಜ್ ಬೇಕಾ?’ ಅಂತ ಕೇಳುವವರಿದ್ದಾರೆ. ಪ್ರಶ್ನೆ ನ್ಯಾಯವಾದದ್ದೇ. ಕವರ್ ಇಸ್ಕೊಂಡು ಸಹಿ ಹಾಕಿ ಹೋಗುವ ತಪಾಸಣೆಯಿಂದ ಸಣ್ಣ ಉದ್ಯಮಿಗಳು ಬೇಸತ್ತಿರೋದು ನಿಜ. ಆದರೆ ಹತ್ತು ಹೊಲಿಗೆ ಯಂತ್ರಗಳ ಶೆಡ್ಡಿಗೂ ಸಾವಿರ ಟನ್ ಸ್ಟೈರೀನ್ ಟ್ಯಾಂಕಿಗೂ ಒಂದೇ ಅಳತೆ ಯಾಕೆ? ಮೊದಲನೆಯದಕ್ಕೆ ಸಡಿಲಿಸಿ, ತೊಂದರೆಯಿಲ್ಲ. ಎರಡನೆಯದಕ್ಕೆ ಬೇಕಾಗಿರೋದು ಕಂಪನಿಯ ರಿಜಿಸ್ಟರ್ ಓದಿ ಹೋಗುವ ಗುಮಾಸ್ತ ಅಲ್ಲ, ತಾನೇ ಟ್ಯಾಂಕ್ ಹತ್ತಿ ನೋಡುವ ತಜ್ಞ. ಅವನ ವರದಿ ವೆಬ್‌ಸೈಟಿಗೆ ಬರಬೇಕು, ಪಕ್ಕದ ಊರಿನವರು ಓದುವಂತಿರಬೇಕು.

ನೀವು ಕೇಳಬಹುದಾದ್ದು

ಪೀಣ್ಯ, ಬೈಕಂಪಾಡಿ, ಕಡೇಚೂರು. ಇಂಥ ಕೈಗಾರಿಕಾ ಪ್ರದೇಶಗಳ ಆಸುಪಾಸಿನಲ್ಲಿ ನಿಮ್ಮ ಮನೆ, ಕಾಲೇಜು, ಪಿಜಿ ಇದ್ದರೆ 1989ರ ಆ ನಿಯಮಗಳು ನಿಮಗೂ ಹಕ್ಕು ಕೊಟ್ಟಿವೆ. ದೊಡ್ಡ ಅಪಾಯದ ಘಟಕಗಳು ಸುತ್ತಲಿನವರಿಗೆ ಅಪಾಯ ಏನು, ಅವಘಡವಾದರೆ ಏನು ಮಾಡಬೇಕು, ಏನು ಮಾಡಬಾರದು ಅಂತ ತಿಳಿಸಲೇಬೇಕು. ಕಾರ್ಖಾನೆ ಹೊರಗಿನ ತುರ್ತು ಯೋಜನೆಯ ತಾಲೀಮು ವರ್ಷಕ್ಕೊಮ್ಮೆಯಾದರೂ ನಡೆಯಲೇಬೇಕು.

ಹಾಗಾಗಿ ಒಂದು ಆರ್‌ಟಿಐ ಅರ್ಜಿ ಹಾಕಿ. ಮೂರೇ ಪ್ರಶ್ನೆ ಸಾಕು: ಇಲ್ಲಿ ಏನು, ಎಷ್ಟು ಸಂಗ್ರಹಿಸಿದ್ದಾರೆ? ಕೊನೆಯ ತಾಲೀಮು ನಡೆದದ್ದು ಯಾವತ್ತು? ಕೊನೆಯ ಸಲ ಒಳಗೆ ಹೋಗಿ ನೋಡಿದ ಅಧಿಕಾರಿ ಏನು ಬರೆದಿದ್ದಾರೆ? ಉತ್ತರದ ಜೊತೆ ಕಂಪನಿಯೇ ತುಂಬಿಕೊಟ್ಟ ಫಾರಂ ಮಾತ್ರ ಬಂದರೆ, ನಿಮ್ಮೂರಲ್ಲೂ ಎರಡು ಬೀಗಕ್ಕೆ ಒಂದೇ ಕೀಲಿ ಅಂತ ಅರ್ಥ. ಮುಂದಿನ ಪ್ರಶ್ನೆಯನ್ನು ನಿಮ್ಮ ಶಾಸಕರಿಗೆ ಕೇಳಿ.