ಮಲೆನಾಡಿನ ನಾಡಿ ಹಿಡಿದ ಪರದೇಶದ ವೈದ್ಯ

ದೇಶವನ್ನು ಗೆದ್ದವರು ಮೊದಲು ದಂಡನ್ನು ಕಳುಹಿಸುವರು. ದಂಡಿನ ಹಿಂದೆಯೇ ಲೆಕ್ಕ ಬರೆಯುವವನನ್ನು ಕಳುಹಿಸುವರು. 1799ನೆಯ ಇಸವಿ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣವು ಬಿದ್ದು ಟೀಪೂ ಸುಲ್ತಾನನು ಮಡಿದ ಬಳಿಕ, ಮೈಸೂರು ಸೀಮೆಯ ಲೆಕ್ಕ ಬರೆಯುವ ಕೆಲಸವು ಒಬ್ಬ ವೈದ್ಯನ ಪಾಲಿಗೆ ಬಂದಿತು. ಆತನೇ ಡಾಕ್ಟರ್ ಫ್ರಾನ್ಸಿಸ್ ಬುಕಾನನ್. 1762ರಲ್ಲಿ ಸ್ಕಾಟ್ಲೆಂಡಿನಲ್ಲಿ ಹುಟ್ಟಿ, ಎಡಿನ್‌ಬರೋ ವಿಶ್ವವಿದ್ಯಾನಿಲಯದಲ್ಲಿ ವೈದ್ಯ ಪದವಿಯನ್ನು ಪಡೆದು, 1794ರಲ್ಲಿ ಈಸ್ಟ್ ಇಂಡಿಯಾ ಕುಂಪಣಿಯ ಬಂಗಾಳದ ವೈದ್ಯಶಾಖೆಯನ್ನು ಸೇರಿದವನು. ಮರುವರ್ಷವೇ ರಾಯಭಾರದೊಡನೆ ಬರ್ಮಾ ದೇಶವನ್ನು ಕಂಡು ಬಂದಿದ್ದನು. ಗಿಡಮೂಲಿಕೆಗಳ ಶಾಸ್ತ್ರದಲ್ಲಿ ಆತನಿಗಿದ್ದ ಆಸಕ್ತಿಯು ವೈದ್ಯಕ್ಕಿಂತಲೂ ಒಂದು ಕೈ ಮಿಗಿಲೆಂದೇ ಹೇಳಬೇಕು.

ಗವರ್ನರ್ ಜನರಲ್ ವೆಲ್ಲೆಸ್ಲಿಯು 1800ನೆಯ ಫೆಬ್ರವರಿ 24ರಂದು ಈ ವೈದ್ಯನಿಗೆ ಕೊಟ್ಟ ಅಪ್ಪಣೆಯಲ್ಲಿ ರೋಗಿಗಳ ಮಾತೇ ಇರಲಿಲ್ಲ. ಹೊಲಗದ್ದೆಗಳ ಬೆಳೆಯೇನು, ದನಕರುಗಳ ತಳಿಯೇನು, ಹತ್ತಿ, ಮೆಣಸು, ಗಂಧ, ಏಲಕ್ಕಿಗಳು ಎಲ್ಲೆಲ್ಲಿ ಎಷ್ಟೆಷ್ಟು ದೊರೆಯುವುವು, ಗಣಿಗಳೆಲ್ಲಿವೆ, ಕೈಗಾರಿಕೆಗಳಾವುವು, ಜನರ ಸ್ಥಿತಿಗತಿಗಳೇನು ಎಂಬುದನ್ನೆಲ್ಲ ವಿಚಾರಿಸಿ ಬರೆಯಬೇಕೆಂದು ಆಜ್ಞೆಯಾಗಿದ್ದಿತು. ಅದೇ ಏಪ್ರಿಲ್ 23ರಂದು ಮದರಾಸಿನಿಂದ ಹೊರಟ ಬುಕಾನನ್ನನು ಮೈಸೂರು, ಮಲೆಯಾಳ, ಕನ್ನಡ ಜಿಲ್ಲೆಗಳನ್ನು ಸುತ್ತಿ, ಘಟ್ಟವನ್ನು ಮತ್ತೆ ಹತ್ತಿ, 1801ನೆಯ ಮಾರ್ಚ್ ತಿಂಗಳಲ್ಲಿ ಕೆಳದಿ, ಇಕ್ಕೇರಿ, ಸಾಗರಗಳ ಮೂಲಕ ನಗರಕ್ಕೆ ಬಂದನು. ಅಲ್ಲಿಂದ ಕವಲೇದುರ್ಗದ ಸೀಮೆಯನ್ನು ದಾಟಿ, ತುಂಗೆಯ ದಡದ ತೂದೂರಿನ ಮೂಲಕ ಶಿವಮೊಗ್ಗೆಯ ಕಡೆಗೆ ಇಳಿದನು. ಆತನ ದಿನಚರಿಯು 1807ರಲ್ಲಿ ಕುಂಪಣಿಯ ಡೈರೆಕ್ಟರುಗಳ ಆಶ್ರಯದಲ್ಲಿ ಮೂರು ಸಂಪುಟಗಳಾಗಿ ಲಂಡನ್ನಿನಲ್ಲಿ ಅಚ್ಚಾಯಿತು. ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳೆಂದು ನಾವು ಇಂದು ಕರೆಯುವ ನಾಡಿನ ಅಂದಿನ ಬಾಳುವೆಯು ಅದರ ಮೂರನೆಯ ಸಂಪುಟದಲ್ಲಿ ದಿನದಿನಕ್ಕೆ ಬರೆದಿಟ್ಟಂತೆ ದೊರೆಯುತ್ತದೆ.

ಈ ಗ್ರಂಥದ ವಿಷಯವಾಗಿ ನಮ್ಮ ವಿದ್ಯಾವಂತರಲ್ಲಿ ಎರಡು ಪಕ್ಷಗಳುಂಟು. ಬುಕಾನನ್ನನು ಬರೆದುದೇ ಪರಮ ಪ್ರಮಾಣವೆಂದು ಉದ್ಧರಿಸುವವರು ಒಂದು ಪಕ್ಷ. ಗೆದ್ದವರ ಚಾಕರನು ಬರೆದುದರಲ್ಲಿ ಹುರುಳೇನಿದ್ದೀತೆಂದು ಪುಸ್ತಕವನ್ನೇ ಮುಟ್ಟದವರು ಇನ್ನೊಂದು ಪಕ್ಷ. ಈ ಎರಡು ದಾರಿಗಳೂ ನಮಗೆ ಸಮ್ಮತವಲ್ಲ. ಆತನಿಂದ ನಾವು ಕಲಿಯತಕ್ಕುದು ಒಂದಿದೆ, ಆತನ ವಿಷಯದಲ್ಲಿ ಎಚ್ಚರದಿಂದಿರತಕ್ಕುದು ಇನ್ನೊಂದಿದೆ. ಎರಡಕ್ಕೂ ಕೀಲಿಕೈ ಅಳತೆಯ ಮಾತಿನಲ್ಲಿದೆ.

ಬುಕಾನನ್ನನು ಬೀಡುಬಿಟ್ಟಲ್ಲೆಲ್ಲ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಆ ಊರಿನ ಸೇರೆಷ್ಟು, ಕೊಳಗವೆಷ್ಟು, ಖಂಡುಗವೆಷ್ಟು ಎಂಬುದನ್ನು ಗೊತ್ತುಮಾಡಿಕೊಳ್ಳುವುದು. ಕೊಳಗದ ಒಳಗಾತ್ರವನ್ನು ಘನ ಅಂಗುಲಗಳಲ್ಲಿ ಎಣಿಸಿ, ತನ್ನ ದೇಶದ ಬುಷೆಲಿಗೆ ಹೊಂದಿಸಿ, ಆ ಮೇಲೆಯೇ ಬಿತ್ತನೆಯೆಷ್ಟು, ಬೆಳೆಯೆಷ್ಟು, ಗೇಣಿಯೆಷ್ಟು ಎಂದು ಬರೆಯುತ್ತಿದ್ದನು. ಒಂದು ಸೀಮೆಯ ಕೊಳಗವು ಮತ್ತೊಂದು ಸೀಮೆಯ ಕೊಳಗಕ್ಕೆ ಸರಿಹೊಂದದೆಂಬುದು ಆತನಿಗೆ ದಾರಿಯುದ್ದಕ್ಕೂ ಆದ ಅನುಭವ. ಕೂಲಿಯಾಳಿಗೂ ಜೀತದವನಿಗೂ ದೊರೆಯುವ ಭತ್ತವೆಷ್ಟು, ಅವರು ಹೊತ್ತ ಸಾಲವೆಷ್ಟೆಂಬುದನ್ನೂ ಅನೇಕ ಕಡೆಗಳಲ್ಲಿ ಕೇಳಿ ಬರೆದಿದ್ದಾನೆ. ಅರಮನೆಯ ವೈಭವವನ್ನು ಬಣ್ಣಿಸಿದ ಪ್ರವಾಸಿಗಳು ಹಲವರುಂಟು. ಆಳಿನ ಕೂಲಿಯನ್ನು ಸೇರಿನ ಲೆಕ್ಕದಲ್ಲಿ ಬರೆದವರು ಅತಿ ವಿರಳ. ಈ ಗುಣವನ್ನು ಶತ್ರುವಿನಲ್ಲಿ ಕಂಡರೂ ಮೆಚ್ಚತಕ್ಕುದೇ ಸರಿ.

ಅಳತೆಯ ಮಾತೆಂದರೆ ಇಕ್ಕೇರಿಯ ನೆನಪಾಗದೆ ಇರದು. ಕೆಳದಿಯಿಂದ ರಾಜಧಾನಿಯು ಇಕ್ಕೇರಿಗೆ ಬಂದು, ಸುಮಾರು 1639ರ ವೇಳೆಗೆ ವೀರಭದ್ರನಾಯಕನ ಕಾಲದಲ್ಲಿ ಅಲ್ಲಿಂದ ಬಿದನೂರಿಗೆ ಹೋಯಿತಷ್ಟೆ. ಆದರೂ ಅರಸರು ಇಕ್ಕೇರಿಯ ಅರಸರೆಂದೇ ಕರೆಯಿಸಿಕೊಂಡರು. ನಾಣ್ಯವು ಬೇರೆಡೆಯಲ್ಲಿ ಅಚ್ಚಾದರೂ ಇಕ್ಕೇರಿ ವರಹವೆಂದೇ ನಡೆಯಿತು. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಲ್ಲೆಯು ಪೋರ್ತುಗೀಸರ ರಾಯಭಾರಿಯೊಡನೆ ಬಂದು ಇದೇ ಊರಿನಲ್ಲಿ ವೆಂಕಟಪ್ಪನಾಯಕನ ಆಸ್ಥಾನವನ್ನು ಕಂಡಿದ್ದನು. ಬುಕಾನನ್ನನ ಕಾಲಕ್ಕೆ ಮೂರು ಸುತ್ತಿನ ಕೋಟೆಯ ಗುರುತೂ, ಮಣ್ಣು ಮರಗಳಿಂದ ಕಟ್ಟಿದ ಅರಮನೆಯ ಸ್ಮರಣೆಯೂ ಉಳಿದಿದ್ದುವು. ಕಲ್ಲಿನ ಅಘೋರೇಶ್ವರ ದೇವಾಲಯವೊಂದೇ ಗಟ್ಟಿಯಾಗಿ ನಿಂತಿದ್ದಿತು. ಆ ದೇವಾಲಯದ ನಡುಗಂಬಗಳ ಅಂತರವೇ ತೋಟದ ಭೂಮಿಗೆ ಅಳತೆಗೋಲಾಗಿದ್ದಿತೆಂಬುದು ಇತಿಹಾಸ. ಇಂಗ್ಲಿಷ್ ಲೆಕ್ಕದಲ್ಲಿ 18 ಅಡಿ 6 ಅಂಗುಲದ ಆ ಗಳೆಯಿಂದ ಅಳೆದುದಕ್ಕೆ ದಾಯವೆಂದು ಹೆಸರು. ದಾಯಕ್ಕೆ ನಾಲ್ಕು ಅಡಿಕೆ ಮರಗಳೆಂದು ಕಟ್ಟಳೆ. ಅದರ ಮೇಲೆ ಶಿಸ್ತು. ಅರಸನಾಗಲಿ ಅಧಿಕಾರಿಯಾಗಲಿ ಗಳೆಯನ್ನು ಕಿರಿದುಮಾಡಿದರೆ, ಯಾವ ರಯತನಾದರೂ ದೇವಾಲಯಕ್ಕೆ ಹೋಗಿ ಕಂಬಕ್ಕೆ ಕಂಬವನ್ನು ಅಳೆದು ನೋಡಬಹುದಾಗಿದ್ದಿತು. ಅಳತೆಯು ಎಲ್ಲರ ಕಣ್ಣಿಗೂ ಕಾಣುವಂತೆ ಕಲ್ಲಿನಲ್ಲಿ ನಿಂತಿದ್ದಿತು.

1645ರಿಂದ 1660ರವರೆಗೆ ಆಳಿದ ಶಿವಪ್ಪನಾಯಕನ ಶಿಸ್ತಿನ ಹೆಸರನ್ನು ಕೇಳದವರು ಮಲೆನಾಡಿನಲ್ಲಿಲ್ಲ. ಭೂಮಿಯನ್ನು ಸಾರಕ್ಕೆ ತಕ್ಕಂತೆ ಐದು ತರಗಳಾಗಿ ವಿಂಗಡಿಸಿ, ಹನ್ನೆರಡು ವರ್ಷಗಳ ಕಾಲ ಊರೂರಿನ ಬೆಳೆಯನ್ನು ಪರೀಕ್ಷಿಸಿ, ಉತ್ಪತ್ತಿಯ ಮೂರರಲ್ಲೊಂದು ಪಾಲನ್ನು ಅರಮನೆಗೆಂದು ಗೊತ್ತುಮಾಡಿದನೆಂದು ಪ್ರಸಿದ್ಧಿಯಿದೆ. ಪರರಾಜ್ಯದ ವೈದ್ಯನು ಹದಿನಾಲ್ಕು ತಿಂಗಳಲ್ಲಿ ಮದರಾಸಿನಿಂದ ಮಲೆಯಾಳದವರೆಗೆ ಸುತ್ತಿ ಬರೆದುದನ್ನು ಹೊಗಳುವವರು, ತನ್ನ ನಾಡಿನ ಹೊಲಗದ್ದೆಗಳನ್ನು ಹನ್ನೆರಡು ವರ್ಷ ಪರೀಕ್ಷಿಸಿದ ಅರಸನನ್ನು ಮರೆಯಬಾರದು.

ಬುಕಾನನ್ನನು ಕಂಡ ನಗರವು ಬಿದ್ದ ಊರು. 1763ರಲ್ಲಿ ಹೈದರಾಲಿಯು ಬಿದನೂರನ್ನು ಹಿಡಿದು, ಅದಕ್ಕೆ ಹೈದರನಗರವೆಂದು ಹೆಸರಿಟ್ಟು, ಟಂಕಸಾಲೆಯನ್ನೂ ಆಯುಧಶಾಲೆಯನ್ನೂ ಸ್ಥಾಪಿಸಿ, ವರ್ತಕರಿಗೆ ಆಶ್ರಯಕೊಟ್ಟನು. 1783ರಲ್ಲಿ ಜನರಲ್ ಮ್ಯಾಥ್ಯೂಸನ ದಂಡು ಅದನ್ನು ಹಿಡಿದು, ಕೆಲವೇ ತಿಂಗಳುಗಳಲ್ಲಿ ಟೀಪುವಿಗೆ ಒಪ್ಪಿಸಬೇಕಾಯಿತು. ಶ್ರೀರಂಗಪಟ್ಟಣವು ಬಿದ್ದ ಮೇಲೆ ಧೋಂಡಿಯಾ ವಾಘನ ದಂಡು ಈ ಸೀಮೆಯಲ್ಲಿ ಓಡಾಡಿತು. 1800ನೆಯ ಸೆಪ್ಟೆಂಬರಿನಲ್ಲಿ ಅವನು ಕೊಲ್ಲಲ್ಪಟ್ಟ ಆರು ತಿಂಗಳಿಗೆ ವೈದ್ಯನು ಬಂದನು. ನಲವತ್ತು ವರ್ಷಗಳಲ್ಲಿ ಇಷ್ಟು ದಂಡುಗಳನ್ನು ಕಂಡ ಜನರು, ಇಂಗ್ಲಿಷರ ಚಾಕರನೊಬ್ಬನು ದುಭಾಷಿಯನ್ನು ಮುಂದಿಟ್ಟುಕೊಂಡು ನಿನ್ನ ಬೆಳೆಯೆಷ್ಟೆಂದು ಕೇಳಿದಾಗ, ಮನೆಯ ಕಣಜದ ಗುಟ್ಟನ್ನು ಬಿಚ್ಚಿ ಹೇಳಿಯಾರೆ? ಜನರು ಸರಿಯಾದ ಉತ್ತರ ಕೊಡುವುದಿಲ್ಲವೆಂದು ಆತನು ಪುಸ್ತಕದುದ್ದಕ್ಕೂ ಗೊಣಗಿಕೊಳ್ಳುತ್ತಾನೆ. ಆ ಮೌನಕ್ಕೆ ಕಾರಣವೇನೆಂಬುದನ್ನು ಆತನು ತನ್ನ ಯಜಮಾನರನ್ನು ಕೇಳಬೇಕಾಗಿದ್ದಿತು.

ಸಮಾಜದ ವಿಷಯದಲ್ಲಿಯೂ ಆತನ ನೋಟಕ್ಕೆ ಇದೇ ಮಿತಿ. ಹವ್ಯಕ ಬ್ರಾಹ್ಮಣರನ್ನು ಹೈಗರೆಂದು ಕರೆದು, ಅವರು ಅಡಿಕೆ ತೋಟಗಳಲ್ಲಿ ಸ್ವಹಸ್ತದಿಂದ ದುಡಿಯುವುದನ್ನು ಕಂಡು ಮೆಚ್ಚಿದನು. ಬ್ರಾಹ್ಮಣರೆಂದರೆ ಒಟ್ಟಿನಲ್ಲಿ ಸಂಶಯದಿಂದಲೇ ನೋಡುತ್ತಿದ್ದ ಆತನ ಬಾಯಿಂದ ಈ ಮೆಚ್ಚುಗೆಯು ಹೊರಟಿತೆಂದರೆ, ಕಣ್ಣಿಗೆ ಕಂಡುದನ್ನು ಮುಚ್ಚಿಡುವವನಲ್ಲವೆಂದು ಒಪ್ಪಬೇಕು. ಆದರೆ ಜಾತಿ ಜಾತಿಯನ್ನೂ ಕರೆಸಿ, ನಿಮ್ಮ ಗುರು ಯಾರು, ಮಾಂಸ ತಿನ್ನುವಿರಾ, ಮದ್ಯ ಕುಡಿಯುವಿರಾ, ವಿಧವೆಯರಿಗೆ ಮರುಮದುವೆಯುಂಟೇ ಎಂದು ಒಂದೇ ಪ್ರಶ್ನಾವಳಿಯನ್ನು ಒಪ್ಪಿಸುತ್ತ ಹೋಗಿದ್ದಾನೆ. ಆ ಜನರು ಒಬ್ಬರೊಡನೊಬ್ಬರು ಹೇಗೆ ಬಾಳಿದರು, ಯಾವುದಕ್ಕೆ ನಕ್ಕರು, ಯಾವುದಕ್ಕೆ ಅತ್ತರು ಎಂಬುದು ಆ ಜಾಲರಿಯಲ್ಲಿ ನಿಲ್ಲಲಿಲ್ಲ. ಅದಕ್ಕೆ ನಾವು ಲಿಂಗಣ್ಣ ಕವಿಯ ಕೆಳದಿನೃಪವಿಜಯದಂತಹ ಗ್ರಂಥಗಳ ಕಡೆಗೂ, ಊರೂರಿನ ಕಡತಗಳ ಕಡೆಗೂ ತಿರುಗಬೇಕು. ಬುಕಾನನ್ನನಿಗೆ ಅರಸರ ವಂಶಾವಳಿಗಳನ್ನೂ ಕಂದಾಯದ ಲೆಕ್ಕಗಳನ್ನೂ ಒದಗಿಸಿದವರು ನಮ್ಮ ನಾಡಿನ ಶಾನುಭೋಗರೇ. ಆ ಮೂರು ಸಂಪುಟಗಳಲ್ಲಿ ಅರ್ಧವು ಕನ್ನಡಿಗರು ಹೇಳಿ ಬರೆಯಿಸಿದ್ದೆಂದರೆ ಅತಿಶಯೋಕ್ತಿಯಲ್ಲ.

ಇಷ್ಟೆಲ್ಲ ಲೆಕ್ಕ ಬರೆದಿಟ್ಟುದರ ಫಲವೇನಾಯಿತು? ಶಿವಪ್ಪನಾಯಕನ ಶಿಸ್ತಿನ ಮೇಲೆ ಮುಂದಿನವರು ಪಟ್ಟಿಯ ಮೇಲೆ ಪಟ್ಟಿಯನ್ನು ಹೇರುತ್ತ ಬಂದರು. 1830ರಲ್ಲಿ ನಗರ ಸೀಮೆಯ ರಯತರು ಕಂದಾಯದ ಭಾರವನ್ನೂ ಅಧಿಕಾರಿಗಳ ಉಪಟಳವನ್ನೂ ತಾಳಲಾರದೆ ಕೂಟ ಸೇರಿ ಎದ್ದರು. ಬೂದಿ ಬಸವಪ್ಪನು ಕೆಳದಿಯ ಪಟ್ಟಕ್ಕೆ ತಾನೇ ವಾರಸುದಾರನೆಂದು ಮುಂದೆ ಬಂದನು. ಕುಂಪಣಿಯ ದಂಡು ದಂಗೆಯನ್ನು ಅಡಗಿಸಿತು. 1831ರಲ್ಲಿ ರಾಜ್ಯಭಾರವೇ ಮಹಾರಾಜರ ಕೈತಪ್ಪಿ ಕುಂಪಣಿಯ ಕಮಿಷನರುಗಳ ಕೈಸೇರಿತು. ಬೆಳೆಯ ಲೆಕ್ಕವನ್ನು ಲಂಡನ್ನಿನಲ್ಲಿ ಅಚ್ಚುಹಾಕಿಸಿ ಇಪ್ಪತ್ತಮೂರು ವರ್ಷಗಳಾಗಿದ್ದರೂ, ಬೆಳೆದವನ ದೂರನ್ನು ಕೇಳುವ ಕಿವಿಯು ಇರಲಿಲ್ಲ.

ಸ್ವರಾಜ್ಯವು ಬಂದ ಮೇಲಾದರೂ ಕೊಳಗದ ಪ್ರಶ್ನೆಯು ತೀರಿತೇ? 1951ನೆಯ ಏಪ್ರಿಲಿನಲ್ಲಿ ಸಾಗರದ ಸಮೀಪದ ಕಾಗೋಡಿನ ಗೇಣಿದಾರರು ಹೂಡಿದ ಸತ್ಯಾಗ್ರಹಕ್ಕೆ ಮೂಲವೇ ಕೊಳಗ. ಗೇಣಿಯ ಭತ್ತವನ್ನು ಅಳೆದುಕೊಳ್ಳುವ ಕೊಳಗವು ವಾಡಿಕೆಯ ಕೊಳಗಕ್ಕಿಂತ ದೊಡ್ಡದೆಂಬುದು ಅವರ ದೂರು. ಎಚ್. ಗಣಪತಿಯಪ್ಪನವರು ರಯತರನ್ನು ಸಂಘಟಿಸಿದರು. ಶಾಂತವೇರಿ ಗೋಪಾಲಗೌಡರು ಜೊತೆ ನಿಂತರು. ಡಾಕ್ಟರ್ ರಾಮಮನೋಹರ ಲೋಹಿಯಾ ಅವರು ಜೂನಿನಲ್ಲಿ ಬಂದು ಸಾಗರದಲ್ಲಿ ಬಂಧನಕ್ಕೊಳಗಾದರು. ಉಳುವವನಿಗೆ ಭೂಮಿಯ ಒಡೆತನವನ್ನು ಕೊಡುವ ತಿದ್ದುಪಡಿಯು ಜಾರಿಗೆ ಬಂದುದು 1974ರ ಮಾರ್ಚ್ 1ರಂದು. ಪರದೇಶದ ವೈದ್ಯನು ಅಳೆದು ನೋಡಿದ ಕೊಳಗದ ತಪ್ಪನ್ನು ತಿದ್ದಲು ಈ ನೆಲದ ರಯತನೇ ಸೆರೆಮನೆಗೆ ಹೋಗಬೇಕಾಯಿತು.

ಇದೇ ಸೀಮೆಯ ಮತ್ತೊಂದು ಲೆಕ್ಕವು ಇನ್ನೂ ಮುಗಿದಿಲ್ಲ. 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದಾಗ ಸಾಗರ, ಹೊಸನಗರ ತಾಲ್ಲೂಕುಗಳ ಹಲವಾರು ಗ್ರಾಮಗಳು ಶರಾವತಿಯ ಹಿನ್ನೀರಿನಲ್ಲಿ ಮುಳುಗಿದುವು. ಮುಂದೆ ವಾರಾಹಿ, ಚಕ್ರಾ ಯೋಜನೆಗಳ ಜಲಾಶಯಗಳೂ ಹೊಸನಗರ ತಾಲ್ಲೂಕಿನ ನೆಲವನ್ನು ತೆಗೆದುಕೊಂಡುವು. ರಾಜ್ಯಕ್ಕೆಲ್ಲ ಬೆಳಕು ಬಂದಿತು. ನೆಲವನ್ನು ಬಿಟ್ಟುಕೊಟ್ಟವರು ಹಕ್ಕುಪತ್ರಕ್ಕಾಗಿ ದಶಕಗಳ ಕಾಲ ಕಚೇರಿಯಿಂದ ಕಚೇರಿಗೆ ಅಲೆದರು. ಹಿನ್ನೀರಿನ ಆಚೆಯವರಿಗೆ ಅಂಬಾರಗೋಡ್ಲು ಕಳಸವಳ್ಳಿಯ ಸೇತುವೆಯು ತೆರೆದುದು 2025ನೆಯ ಜುಲೈ ತಿಂಗಳಿನಲ್ಲಿ. ಮುಳುಗಿದ ಊರುಗಳಲ್ಲಿ ಯಾವ ತೋಟವಿದ್ದಿತು, ಯಾವ ಕೆರೆಯಿದ್ದಿತು, ಯಾರ ಗದ್ದೆಯನ್ನು ಯಾರು ಉಳುತ್ತಿದ್ದರು, ದೇವರ ಉತ್ಸವವು ಯಾವ ಹಾದಿಯಲ್ಲಿ ಹೋಗುತ್ತಿದ್ದಿತು ಎಂಬುದನ್ನು ಬಲ್ಲ ಹಿರಿಯರು ವರ್ಷವರ್ಷಕ್ಕೂ ಕಡಿಮೆಯಾಗುತ್ತಿದ್ದಾರೆ. ಅವರು ಹೋದ ಮೇಲೆ ಕೇಳಿ ಬರೆಯುತ್ತೇವೆಂದರೆ ಯಾರನ್ನು ಕೇಳುವುದು?

ಆದುದರಿಂದ ಬುಕಾನನ್ನನಿಂದ ಕಲಿಯತಕ್ಕುದನ್ನು ಸ್ಪಷ್ಟವಾಗಿ ಹೇಳುತ್ತೇವೆ. ಊರಿಗೆ ಹೋಗಬೇಕು, ಸ್ಥಳದಲ್ಲಿಯೇ ಕೇಳಬೇಕು, ಅಳೆದು ನೋಡಬೇಕು, ಅದೇ ದಿನ ಬರೆದಿಡಬೇಕು. ಆತನು ಮಾಡದೆ ಬಿಟ್ಟುದನ್ನು ನಾವು ಮಾಡಬೇಕು: ಜನರ ಭಾಷೆಯಲ್ಲಿಯೇ ಕೇಳಬೇಕು, ಒಡೆಯನಿಗೂ ಆಳಿಗೂ ಸಮವಾಗಿ ಕಿವಿಗೊಡಬೇಕು, ಬರೆದುದನ್ನು ಹೇಳಿದವರ ಮುಂದೆಯೇ ಓದಿ ತೋರಿಸಬೇಕು. ಕೆಳದಿ ಗುಂಡಾ ಜೋಯಿಸರು ಹಳೆಯ ಮನೆಗಳ ಓಲೆಗರಿಗಳನ್ನೂ ಕಡತಗಳನ್ನೂ ಕೂಡಿಸಿ ಕೆಳದಿಯಲ್ಲಿ ವಸ್ತುಸಂಗ್ರಹಾಲಯವನ್ನು ಕಟ್ಟಿ ದಾರಿ ತೋರಿಸಿದ್ದಾರೆ. ಅಟ್ಟದ ಮೇಲೆ ಗೆದ್ದಲು ಹಿಡಿಯುತ್ತಿರುವ ಕಾಗದಗಳನ್ನು ಮನೆಯವರು ಹೊರಕ್ಕೆ ತೆಗೆಯಲಿ. ಶಾಲೆಯ ಉಪಾಧ್ಯಾಯರು ವಿದ್ಯಾರ್ಥಿಗಳಿಂದ ಊರಿನ ಲೆಕ್ಕವನ್ನು ಬರೆಯಿಸಲಿ. ತಾಲ್ಲೂಕು ಕಚೇರಿಯ ಅಧಿಕಾರಿಗಳು ಮುಳುಗಡೆಯ ದಾಖಲೆಗಳನ್ನು ಕೇಳಿದವರಿಗೆ ಅಲೆಸದೆ ತೋರಿಸಲಿ. ಇಕ್ಕೇರಿಯ ಕಂಬಗಳಂತೆ ಅಳತೆಯು ಎಲ್ಲರ ಕಣ್ಣಿಗೂ ಬೀಳುವಲ್ಲಿ ಇದ್ದರೆ, ಗಳೆಯನ್ನು ಕಿರಿದುಮಾಡುವವರಿಗೆ ಅಂಜಿಕೆಯಿರುತ್ತದೆ. ಈ ಕೆಲಸಕ್ಕೆ ಸರ್ಕಾರದ ಅಪ್ಪಣೆಯನ್ನು ಕಾಯಬೇಕಾಗಿಲ್ಲ. ಈ ಮಳೆಗಾಲವು ಕಳೆಯುವುದರೊಳಗೆ ಪ್ರತಿ ಊರಿನಲ್ಲಿಯೂ ಒಂದು ಪುಸ್ತಕವಾದರೂ ಆರಂಭವಾಗಲೆಂದು ನಾವು ಹಾರೈಸುತ್ತೇವೆ.