ಪೀಪಾಯಿಯಲ್ಲಿರುವಾಗಲೇ ಬಿಕರಿ

ಮಲೆನಾಡಿನ ಅಡಿಕೆ ಬೆಳೆಗಾರರಿಗೆ ಬೋರ್ಡೊ ಎಂದರೆ ಊರಲ್ಲ, ಔಷಧಿ. ಮಳೆಗಾಲ ಹಿಡಿಯುವ ಮೊದಲೇ ಮೈಲುತುತ್ತ, ಸುಣ್ಣ ತಂದಿಟ್ಟುಕೊಂಡು, ಕೊಳೆರೋಗ ಬಾರದಂತೆ ಗೊನೆಗೆ ಹೊಡೆಸುವ ದ್ರಾವಣದ ಹೆಸರು ಅದು. ಹೆಸರು ಬಂದದ್ದು ಫ್ರಾನ್ಸಿನ ನೈರುತ್ಯ ಮೂಲೆಯ ಬಂದರು ನಗರದಿಂದ. ಅಲ್ಲಿನ ಮೆಡಾಕ್ ಸೀಮೆಯಲ್ಲಿ ರಸ್ತೆ ಬದಿಯ ದ್ರಾಕ್ಷಿಯನ್ನು ದಾರಿಹೋಕರು ಕಿತ್ತು ತಿನ್ನದಿರಲಿ ಎಂದು ಬೆಳೆಗಾರರು ತಾಮ್ರ-ಸುಣ್ಣದ ನೀಲಿ ನೀರು ಎರಚುತ್ತಿದ್ದರು. ಆ ಬಳ್ಳಿಗಳಿಗೆ ಬೂಜುರೋಗ ತಗುಲದೆ ಇದ್ದುದನ್ನು ಸಸ್ಯಶಾಸ್ತ್ರಜ್ಞ ಪಿಯರ್ ಮಿಲ್ಯಾರ್ದೆ 1882ರಲ್ಲಿ ಗಮನಿಸಿದರು. 1885ರಲ್ಲಿ ದ್ರಾವಣ ಮಾಡುವ ಕ್ರಮವನ್ನು ಪ್ರಕಟಿಸಿದರು. ನಮ್ಮ ಅಡಿಕೆಯನ್ನು ಕಾಯುವ ದ್ರಾವಣ ಮೊದಲು ಕಾದದ್ದು ಕೆಂಪು ವೈನಿನ ದ್ರಾಕ್ಷಿಯನ್ನು.

ಆ ವೈನನ್ನು ಮಾರುವ ಪದ್ಧತಿಯೂ ನಮ್ಮವರಿಗೆ ತೀರಾ ಹೊಸದೆನಿಸದು. ಮರದಲ್ಲಿರುವ ಫಸಲನ್ನೇ ಚೇಣಿ ಕೊಡುವ ಹಾಗೆ, ಬೋರ್ಡೊದವರು ಪೀಪಾಯಿಯಲ್ಲಿರುವ ವೈನನ್ನೇ ಮಾರಿಬಿಡುತ್ತಾರೆ. ಈ ಮುಂಗಡ ಮಾರಾಟಕ್ಕೆ ‘ಆಂ ಪ್ರಿಮರ್’ ಎಂದು ಹೆಸರು. ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಕೊಯ್ಲಾದ ದ್ರಾಕ್ಷಿ ಹುದುಗಿ, ವೈನಾಗಿ, ಓಕ್ ಮರದ ಪೀಪಾಯಿ ಸೇರುತ್ತದೆ. ಒಂದು ಪೀಪಾಯಿಗೆ 225 ಲೀಟರ್, ಅಂದರೆ 300 ಬಾಟಲಿಯಷ್ಟು. ಕೊಯ್ಲಾಗಿ ಆರು ತಿಂಗಳು ಕಳೆಯುವಷ್ಟರಲ್ಲಿ, ಏಪ್ರಿಲ್ ಹೊತ್ತಿಗೆ, ದೇಶ ದೇಶದ ವೈನ್ ವ್ಯಾಪಾರಿಗಳೂ ಬರಹಗಾರರೂ ರುಚಿ ನೋಡಲು ಬಂದಿಳಿಯುತ್ತಾರೆ. ಆಮೇಲೆ ತೋಟದ ಮಾಲೀಕರು ಒಬ್ಬೊಬ್ಬರಾಗಿ ದರ ಪ್ರಕಟಿಸುತ್ತಾರೆ. ಕೊಂಡವರು ಹಣ ಕಟ್ಟಿ ಕಾಯಬೇಕು. ಬಾಟಲಿ ಕೈಗೆ ಬರುವುದು ಸುಮಾರು ಎರಡು ವರ್ಷದ ಮೇಲೆ. ಅದು ಕುಡಿಯುವ ಹದಕ್ಕೆ ಬರಲು ಇನ್ನೂ ಎಂಟೋ ಹತ್ತೋ ವರ್ಷ.

ಮಾಲೀಕರು ಗಿರಾಕಿಗೆ ನೇರವಾಗಿ ಮಾರುವುದಿಲ್ಲ. ತೋಟಕ್ಕೂ ಸಗಟು ವ್ಯಾಪಾರಿಗೂ ನಡುವೆ ದಲ್ಲಾಳಿ ಇರುತ್ತಾನೆ. ಅವನ ಪಾಲು ಶೇ 2. ಶತಮಾನಗಳಿಂದ ನಡೆದುಬಂದ ಈ ದಲ್ಲಾಳಿಗಳ ಮಾತಿಗೆ ಎಷ್ಟು ತೂಕವೆಂದರೆ, 1855ರ ಪ್ಯಾರಿಸ್ ಮಹಾಪ್ರದರ್ಶನಕ್ಕೆ ಬೋರ್ಡೊದ ವೈನುಗಳನ್ನು ದರ್ಜೆವಾರು ಪಟ್ಟಿ ಮಾಡಬೇಕೆಂದು ಮೂರನೆಯ ನೆಪೋಲಿಯನ್ ಕೇಳಿದಾಗ, ಪಟ್ಟಿ ಬರೆದುಕೊಟ್ಟವರು ಅವರೇ. ಅದಕ್ಕಾಗಿ ಅವರು ರುಚಿ ಪರೀಕ್ಷೆಯನ್ನೇನೂ ಏರ್ಪಡಿಸಲಿಲ್ಲ. ಯಾವ ತೋಟದ ವೈನಿಗೆ ಎಷ್ಟು ದರ ಸಿಗುತ್ತಾ ಬಂದಿದೆ ಎಂಬುದನ್ನು ನೋಡಿ ಐದು ದರ್ಜೆ ಮಾಡಿದರು. ಆಮೇಲೆ ಆ ಪಟ್ಟಿಯಲ್ಲಿ ಆದ ದೊಡ್ಡ ಬದಲಾವಣೆ ಒಂದೇ: 1973ರಲ್ಲಿ ಮೂಟಾನ್ ರಾಥ್‌ಶಿಲ್ಡ್ ಎರಡನೆಯ ದರ್ಜೆಯಿಂದ ಮೊದಲನೆಯದಕ್ಕೆ ಏರಿತು. ಉಳಿದಂತೆ ತೋಟಗಳು ಕೈ ಬದಲಾದವು, ಅಕ್ಕಪಕ್ಕದ ನೆಲ ಕೊಂಡು ಹಿಗ್ಗಿದವು, ಕೆಲವು ಸೊರಗಿ ಮತ್ತೆ ಚಿಗುರಿದವು. ದರ್ಜೆ ಮಾತ್ರ ಹೆಸರಿಗೆ ಅಂಟಿಕೊಂಡೇ ಉಳಿಯಿತು. ನೂರೈವತ್ತಕ್ಕೂ ಹೆಚ್ಚು ವರ್ಷ ಹಳೆಯ ದರಪಟ್ಟಿ ಇವತ್ತಿನ ದರವನ್ನು ತೀರ್ಮಾನಿಸುವ ವಿಚಿತ್ರ ಇದು. ಬಾಟಲಿಯ ಮೇಲಿನ ಗುರುತಿಗೂ ಬೆಲೆ ಏರುವುದುಂಟು: ಮೊದಲ ದರ್ಜೆಯ ಲಾಫಿಟ್ ರಾಥ್‌ಶಿಲ್ಡ್‌ನವರು ತಮ್ಮ 2008ರ ಬಾಟಲಿಯ ಮೇಲೆ ಚೀನೀಯರಿಗೆ ಶುಭವಾದ ‘ಎಂಟು’ ಅಂಕಿಯನ್ನು ಅವರ ಲಿಪಿಯಲ್ಲೇ ಕೆತ್ತಿಸುತ್ತಾರೆಂದು ಗೊತ್ತಾದೊಡನೆ ಅದರ ಬೆಲೆ ಜಿಗಿಯಿತು. ಒಳಗಿದ್ದ ವೈನ್ ಹಿಂದಿನ ದಿನ ಇದ್ದದ್ದೇ.

ಕಡಿಮೆ ದುಡ್ಡಿಗೆ ಒಳ್ಳೆಯ ವೈನ್ ಹುಡುಕುವವರಿಗೆ ಆ ಪಟ್ಟಿಯ ಹೊರಗೇ ದಾರಿ. ಅಲ್ಲಿ ಹುಡುಕಬೇಕಾದರೆ ಪಟ್ಟಿಯ ಬದಲು ನಾಲಗೆಯನ್ನು ನಂಬಬೇಕು.

ಎಳೆಯ ಕೆಂಪು ವೈನಿನ ರುಚಿ ನೋಡುವುದು ಸುಖದ ಕೆಲಸವಲ್ಲ. ಲೋಟವನ್ನು ಬಿಳಿ ಕಾಗದದ ಮೇಲೆ ಓರೆ ಮಾಡಿ ಹಿಡಿದರೆ ಅಂಚಿನಲ್ಲಿ ಗಾಢ ನೇರಳೆ ಬಣ್ಣ. ಮೂಗಿಗೆ ಹಣ್ಣಿಗಿಂತ ಮೊದಲು ಹೊಸ ಓಕ್ ಮರದ ವಾಸನೆ. ಒಂದು ಗುಟುಕನ್ನು ಬಾಯಲ್ಲಿಟ್ಟುಕೊಂಡು, ತುಟಿಗಳ ನಡುವಿನಿಂದ ಸ್ವಲ್ಪ ಗಾಳಿ ಎಳೆದು, ಬಾಯೆಲ್ಲ ಆಡಿಸಿ ಉಗುಳುತ್ತಾರೆ. ಉಗುಳಲೇಬೇಕು, ದಿನಕ್ಕೆ ನೂರು ವೈನ್ ರುಚಿ ನೋಡುವವರು ನುಂಗುತ್ತ ಹೋದರೆ ಹತ್ತನೆಯದಕ್ಕೇ ವಿವೇಕ ಕೈಕೊಡುತ್ತದೆ. ಸಂಜೆಯ ಹೊತ್ತಿಗೆ ಎಲ್ಲರ ಹಲ್ಲೂ ಕಪ್ಪು. ಉಗುಳಿದ ಮೇಲೆ ವಸಡು, ಕೆನ್ನೆಯ ಒಳಭಾಗವೆಲ್ಲ ಒಗರಿನಿಂದ ಬಿಗಿದುಕೊಳ್ಳುತ್ತವೆ. ಅದು ಟ್ಯಾನಿನ್, ದ್ರಾಕ್ಷಿಯ ಸಿಪ್ಪೆ, ಬೀಜ, ಪೀಪಾಯಿಯ ಮರದಿಂದ ಬಂದದ್ದು.

ಹೊಸಬರು ಎಡವುವುದು ಇಲ್ಲೇ. ಒಗರು ಹೆಚ್ಚಿದ್ದಷ್ಟೂ ಹೆಚ್ಚು ವರ್ಷ ಇಡಬಹುದು ಎಂದುಕೊಳ್ಳುತ್ತಾರೆ. ಪ್ರಮಾಣಕ್ಕಿಂತ ಅದರ ಗುಣ ಮುಖ್ಯ. ದ್ರಾಕ್ಷಿ ಸರಿಯಾಗಿ ಕಳಿತಿದ್ದರೆ ಒಗರು ಬಾಯನ್ನೆಲ್ಲ ಸಮನಾಗಿ ಆವರಿಸಿ ಮೆಲ್ಲಗೆ ಬಿಡುತ್ತದೆ. ಎಳೆಯದಿದ್ದಾಗ ಕೊಯ್ದಿದ್ದರೆ ಒಂದೇ ಕಡೆ ಕಚ್ಚಿ, ಹಸಿ ಕಹಿಯಾಗಿ ಉಳಿಯುತ್ತದೆ. ಕೊಯ್ಲಿನ ದಿನ ನಿಗದಿ ಮಾಡುವ ಮೊದಲು ತೋಟದವರು ದ್ರಾಕ್ಷಿಯ ಬೀಜವನ್ನು ಅಗಿದು ನೋಡುವುದು ಇದೇ ಕಾರಣಕ್ಕೆ. ಬೀಜ ಹಸಿರಾಗಿದ್ದರೆ ಇನ್ನೂ ಕಾಯಬೇಕು, ಕಂದಾಗಿ ಗರಿಗರಿ ಎಂದರೆ ಆಯಿತು. ಹಸಿ ಒಗರು ಇಪ್ಪತ್ತು ವರ್ಷ ಇಟ್ಟರೂ ಸರಿಹೋಗದು. ಅಷ್ಟರಲ್ಲಿ ಹಣ್ಣಿನ ರುಚಿ ಸತ್ತು ಒಗರೊಂದೇ ಉಳಿದಿರುತ್ತದೆ.

ಒಗರಿನ ಜೊತೆಗೆ ಹುಳಿ ಇರಬೇಕು. ಬಾಯಲ್ಲಿ ನೀರೂರಿಸುವ ಆ ಹುಳಿ ವೈನನ್ನು ವರ್ಷಗಟ್ಟಲೆ ಕೆಡದಂತೆ ಹಿಡಿದಿಡುತ್ತದೆ. ಇವೆರಡರ ನಡುವೆ ಹಣ್ಣು ಬತ್ತದೆ ನಿಲ್ಲಬೇಕು. ಕೊನೆಗೆ, ಉಗುಳಿದ ಮೇಲೂ ರುಚಿ ಎಷ್ಟು ಹೊತ್ತು ಉಳಿಯುತ್ತದೆಂದು ಮನಸ್ಸಿನಲ್ಲೇ ಎಣಿಸಬೇಕು. ಫ್ರೆಂಚರು ಇದಕ್ಕೊಂದು ಅಳತೆಯನ್ನೇ ಮಾಡಿಟ್ಟಿದ್ದಾರೆ: ಒಂದು ಸೆಕೆಂಡ್ ಉಳಿದರೆ ಒಂದು ‘ಕೊದಾಲಿ’. ಅನುಭವಸ್ಥರು ಹೆಚ್ಚು ನಂಬುವುದು ಈ ಎಣಿಕೆಯನ್ನು. ಓಕ್ ವಾಸನೆಯನ್ನು ಹೊಸ ಪೀಪಾಯಿ ಕೊಂಡು ತುಂಬಿಸಬಹುದು, ಬಣ್ಣವನ್ನು ಹೆಚ್ಚು ಹಿಂಡಿ ತರಬಹುದು. ರುಚಿಯ ಉದ್ದ ತೋಟದಿಂದಲೇ ಬರಬೇಕು.

ಕಾಲ ಮಾಡುವ ಕೆಲಸ ನಿಧಾನದ್ದು. ಬಾಟಲಿಯೊಳಗೆ ಟ್ಯಾನಿನ್ನೂ ಬಣ್ಣದ ಕಣಗಳೂ ಒಂದಕ್ಕೊಂದು ಬೆಸೆದು ದೊಡ್ಡದಾಗುತ್ತ ಹೋಗುತ್ತವೆ. ತೀರಾ ದೊಡ್ಡದಾದವು ಗಷ್ಟಾಗಿ ತಳ ಸೇರುತ್ತವೆ. ಒಗರು ಮೆತ್ತಗಾಗುತ್ತದೆ, ನೇರಳೆ ಬಣ್ಣ ಇಟ್ಟಿಗೆಯ ಕೆಂಪಿಗೆ ತಿರುಗುತ್ತದೆ, ಹಣ್ಣಿನ ಪರಿಮಳದ ಜಾಗಕ್ಕೆ ದೇವದಾರು, ಹೊಗೆಸೊಪ್ಪು, ಅಣಬೆಯ ವಾಸನೆ ಬರುತ್ತದೆ. ನಡುವೆ ಕೆಲವು ವರ್ಷ ವೈನ್ ಮುನಿಸಿಕೊಂಡಂತೆ ಯಾವ ಪರಿಮಳವನ್ನೂ ಕೊಡದೆ ಇರುವುದುಂಟು. ಒಂದು ಮಾತು ಸ್ಪಷ್ಟವಿರಲಿ: ಜಗತ್ತಿನಲ್ಲಿ ತಯಾರಾಗುವ ವೈನಿನ ಬಹುಪಾಲು ಇಟ್ಟು ಕುಡಿಯಲು ಮಾಡಿದ್ದೇ ಅಲ್ಲ. ಒಂದೆರಡು ವರ್ಷದಲ್ಲಿ ಕುಡಿಯದಿದ್ದರೆ ಅದು ಮಾಗುವುದಿಲ್ಲ, ಹಳಸುತ್ತದೆ ಅಷ್ಟೆ.

ಪಟ್ಟಿಯ ಹೊರಗಿನವರಿಗೆ ಮೆಡಾಕಿನಲ್ಲಿ ‘ಕ್ರೂ ಬೂರ್ಜ್ವಾ’ ಎಂಬ ಇನ್ನೊಂದು ವರ್ಗವಿದೆ. 1932ರಲ್ಲಿ 444 ತೋಟಗಳ ಹೆಸರಿನೊಂದಿಗೆ ಶುರುವಾದದ್ದು. 2003ರಲ್ಲಿ ಅದನ್ನು ಹೊಸದಾಗಿ ಪರಿಷ್ಕರಿಸಿದಾಗ ಅರ್ಧದಷ್ಟು ತೋಟಗಳು ಹೊರಬಿದ್ದವು, ಹೊರಬಿದ್ದವರು ಕೋರ್ಟಿಗೆ ಹೋದರು. ತೀರ್ಪುಗಾರರಲ್ಲಿ ಕೆಲವರಿಗೆ ಸ್ಪರ್ಧೆಯಲ್ಲಿದ್ದ ತೋಟಗಳಲ್ಲೇ ಹಿತಾಸಕ್ತಿ ಇತ್ತೆಂಬ ಕಾರಣಕ್ಕೆ 2007ರಲ್ಲಿ ಇಡೀ ಪಟ್ಟಿಯೇ ರದ್ದಾಯಿತು. ಪರೀಕ್ಷಕರ ಮನೆಮಕ್ಕಳೇ ಪರೀಕ್ಷೆ ಬರೆಯುವ ಕಥೆ ನಮ್ಮಲ್ಲಿ ಮಾತ್ರ ನಡೆಯುವುದಲ್ಲ! ಈಗಿನ ಪದ್ಧತಿಯಲ್ಲಿ ದರ್ಜೆಗೆ ಐದು ವರ್ಷದ ಗಡುವಿದೆ, ಹೆಸರು ಹೇಳದೆ ಕೊಟ್ಟ ವೈನನ್ನು ರುಚಿ ನೋಡಿ ತೀರ್ಮಾನಿಸುತ್ತಾರೆ. 1855ರ ಪಟ್ಟಿಗಿಂತ ಇದು ಎಷ್ಟೋ ನ್ಯಾಯವಾದದ್ದು.

ಯಾವ ಪಟ್ಟಿಯ ಗೊಡವೆಗೂ ಹೋಗದವರೂ ಇದ್ದಾರೆ. ವೈನ್ ವ್ಯಾಪಾರಿ ಜಾನ್ ಗೋತ್ರೋ ಅವರು ಗಿರಾಕಿಯೊಬ್ಬರಿಗಾಗಿ ತೋಟ ಹುಡುಕುತ್ತ ಹೊರಟವರು, 1969ರಲ್ಲಿ ಜಿರೋಂದ್ ನದಿಯತ್ತ ಮುಖ ಮಾಡಿದ ಪಾಳುಬಿದ್ದ ಸೋಸ್ಯಾಂದೊ-ಮಾಲೆಯನ್ನು ನೋಡಿ ತಾವೇ ಕೊಂಡುಬಿಟ್ಟರು. ನದಿ ಕಾಣುವ ತೋಟದ ವೈನೇ ಒಳ್ಳೆಯದು ಎಂಬುದು ಮೆಡಾಕಿನ ಹಳೆಯ ನಂಬಿಕೆ. ಅಲ್ಲಿನ ಜಲ್ಲಿ ಮಣ್ಣಿನಲ್ಲಿ ನೀರು ನಿಲ್ಲುವುದಿಲ್ಲ, ನದಿಯ ಸಾಮೀಪ್ಯದಿಂದ ಚಳಿಯ ಹೊಡೆತವೂ ಕಡಿಮೆ. ಗೋತ್ರೋ 2003ರ ದರ್ಜೆಗೆ ಅರ್ಜಿ ಹಾಕುವ ಗೋಜಿಗೇ ಹೋಗಲಿಲ್ಲ. ಒಳ್ಳೆಯ ವರ್ಷದ ಸೋಸ್ಯಾಂದೊ-ಮಾಲೆ ಇಪ್ಪತ್ತು ವರ್ಷ ನಿಲ್ಲುವ ವೈನ್. ಬೆಲೆಯಲ್ಲಿ ಮೊದಲ ದರ್ಜೆಯವುಗಳ ಹತ್ತಿರಕ್ಕೂ ಬರುವುದಿಲ್ಲ. ಪೊಟಾನ್ಸಾಕ್ ತೋಟದ್ದು ಬೇರೆಯೇ ಲಾಭ. ಎರಡನೆಯ ದರ್ಜೆಯ ಲಿಯೋವಿಲ್ ಲಾಸ್ ಕಾಸ್ ಮಾಡುವ ದೆಲೋನ್ ಕುಟುಂಬದ್ದೇ ಈ ತೋಟವೂ: ಅದೇ ಕೈ, ಸಾಧಾರಣ ನೆಲ, ಬೆಲೆಯಲ್ಲಿ ಅಜಗಜಾಂತರ. ಮೂಲಿಸ್ ಊರಿನ ಪೂಜೋ, ಶಾಸ್-ಸ್ಪ್ಲೀನ್ ಕೂಡ ಇದೇ ಸಾಲಿನವು. ನದಿಯಾಚೆಯ ಫ್ರಾನ್ಸಾಕ್, ಕಾಸ್ತಿಯೋಂ ಕಡೆಯ ಮೆರ್ಲೋ ದ್ರಾಕ್ಷಿಯ ವೈನುಗಳು ಇನ್ನೂ ಅಗ್ಗ, ಬೇಗ ಹದಕ್ಕೆ ಬರುತ್ತವೆ.

ಇಂಥವನ್ನು ಮುಂಗಡವಾಗಿ ಕೊಳ್ಳಬೇಕೆ? ಬೇಡ ಎನ್ನುತ್ತೇನೆ. 1982ರ ಫಸಲನ್ನು ಅಮೆರಿಕದ ವಿಮರ್ಶಕ ರಾಬರ್ಟ್ ಪಾರ್ಕರ್ ಹೊಗಳಿದ ಮೇಲೆ, ಆಗ ಕೊಂಡವರು ಲಾಭ ಮಾಡಿಕೊಂಡದ್ದು ನಿಜ; ಆ ಕಥೆಯನ್ನೇ ಇವತ್ತಿಗೂ ಹೇಳಿ ಮಾರುತ್ತಾರೆ. 2009, 2010ರ ಹೊತ್ತಿಗೆ ಮಾಲೀಕರು ದರವನ್ನು ಆಕಾಶಕ್ಕೆ ಏರಿಸಿದರು, ಅದನ್ನು ಕೊಂಡವರಲ್ಲಿ ಎಷ್ಟೋ ಜನ ಕೈಸುಟ್ಟುಕೊಂಡರು. ಮೊದಲ ದರ್ಜೆಯ ಲಟೂರ್ 2012ರಲ್ಲಿ ಮುಂಗಡ ಮಾರಾಟದಿಂದಲೇ ಹೊರನಡೆದು, ತಾನೇ ನೆಲಮಾಳಿಗೆಯಲ್ಲಿಟ್ಟು ಹದವಾದ ಮೇಲೆ ಮಾರುತ್ತೇನೆ ಎಂದಿತು. ಸಣ್ಣ ತೋಟಗಳ ವೈನಂತೂ ಎರಡು ವರ್ಷ ಕಳೆದ ಮೇಲೆ ಅಂಗಡಿಯಲ್ಲೂ ಹೆಚ್ಚು ಕಡಿಮೆ ಅದೇ ದರಕ್ಕೆ ಸಿಗುತ್ತದೆ. ಬಾಟಲಿಗೆ ತುಂಬಿದ ವೈನನ್ನು ರುಚಿ ನೋಡಿ ಕೊಳ್ಳುವ ಅವಕಾಶವಿರುವಾಗ, ಪೀಪಾಯಿಯ ಮಾದರಿ ಕುಡಿದ ಇನ್ಯಾರದೋ ಅಂಕಪಟ್ಟಿ ನಂಬಿ ಹಣ ಕಟ್ಟುವುದೇಕೆ?

ಅಗ್ಗಕ್ಕೆ ಇನ್ನೊಂದು ಮುಖವೂ ಇದೆ. ಬೋರ್ಡೊದಲ್ಲಿ ಬೆಳೆ ಹೆಚ್ಚು, ಕುಡಿಯುವವರು ಕಡಿಮೆ ಎಂಬ ಸ್ಥಿತಿ ಬಂದು, 2023ರಿಂದ ಸರ್ಕಾರವೇ ಪರಿಹಾರ ಕೊಟ್ಟು ಸಾವಿರಾರು ಹೆಕ್ಟೇರ್ ಬಳ್ಳಿ ಕೀಳಿಸಿದೆ. ದರ ಕುಸಿದಾಗ ಸಾಯುವವನು ಸಣ್ಣ ಬೆಳೆಗಾರ. ಅದು ಅಲ್ಲೂ ಅಷ್ಟೆ, ನಮ್ಮ ವಿಜಯಪುರದ ದ್ರಾಕ್ಷಿ ತೋಟದಲ್ಲೂ ಅಷ್ಟೆ.

ಯುರೋಪಿನಲ್ಲಿರುವ ಕನ್ನಡಿಗರಿಗೆ ಸೆಪ್ಟೆಂಬರ್ ಒಳ್ಳೆಯ ಕಾಲ. ಫ್ರಾನ್ಸಿನ ಸೂಪರ್ ಮಾರ್ಕೆಟ್‌ಗಳು ಆಗ ವೈನ್ ಮೇಳ ನಡೆಸುತ್ತವೆ. ಮೊದಲು ಒಂದು ಬಾಟಲಿ ತಂದು ಕುಡಿದು ನೋಡಿ, ಮರುದಿನ ಆರೋ ಹನ್ನೆರಡೋ ಕೊಳ್ಳುವುದು ಜಾಣತನ. 2016, 2019ರಂಥ ವರ್ಷಗಳಲ್ಲಿ ಸಣ್ಣ ತೋಟಗಳೂ ದೊಡ್ಡ ವೈನ್ ಮಾಡಿವೆ. ಹೆಚ್ಚು ವರ್ಷ ಇಡುವ ಆಸೆಯಿದ್ದರೆ ಒಂದೂವರೆ ಲೀಟರಿನ ದೊಡ್ಡ ಬಾಟಲಿ ಮೇಲು, ಅದರಲ್ಲಿ ವೈನ್ ನಿಧಾನವಾಗಿ ಮಾಗುತ್ತದೆ. ಅರ್ಧ ಬಾಟಲಿಯಲ್ಲಿ ಬೇಗ.

ಕರ್ನಾಟಕಕ್ಕೂ ಬೋರ್ಡೊದ ನಂಟಿದೆ. ಬೋರ್ಡೊ ಸೀಮೆಯ ಪೊಮೆರೋಲಿನ ವೈನ್ ತಜ್ಞ ಮಿಷೆಲ್ ರೋಲಾಂ ಅವರ ಸಲಹೆಯಲ್ಲಿ ನಂದಿ ಬೆಟ್ಟದ ಬುಡದ ಗ್ರೋವರ್ ತೋಟದವರು 1990ರ ದಶಕದಿಂದ ಕೆಂಪು ವೈನ್ ಮಾಡಿದ್ದಾರೆ. ಆಮದು ವೈನಿನ ಕಥೆ ಬೇರೆ. ಬಹುಕಾಲ ಶೇ 150ರಷ್ಟಿದ್ದ ಸುಂಕ ಸೇರಿದರೆ ‘ಅಗ್ಗದ’ ಎಂಬ ಮಾತಿಗೇ ಅರ್ಥವಿಲ್ಲ. ವಿದೇಶದಿಂದ ಬರುವ ಪ್ರಯಾಣಿಕರು ಸುಂಕವಿಲ್ಲದೆ ತರಬಹುದಾದ ಮದ್ಯ 2 ಲೀಟರ್, ಅಂದರೆ ಹೆಚ್ಚೆಂದರೆ ಎರಡು ಪೂರ್ತಿ ಬಾಟಲಿ.

ತಂದ ಮೇಲೆ ಅಡುಗೆಮನೆಯ ಕಪಾಟಿನಲ್ಲೋ ಶೋಕೇಸಿನಲ್ಲೋ ನಿಲ್ಲಿಸಿ ಇಡಬೇಡಿ. ವೈನ್ ಮಾಗಲು 12-14 ಡಿಗ್ರಿ ಸೆಲ್ಸಿಯಸ್ ತಂಪು, ಕತ್ತಲೆ, ಬಿರಡೆ ಒಣಗದಂತೆ ಮಲಗಿಸಿದ ಬಾಟಲಿ, ಇಷ್ಟು ಬೇಕು. ಕರ್ನಾಟಕದ ಯಾವ ಊರಿನ ಬೇಸಿಗೆಯೂ ಇದಕ್ಕೆ ಒಗ್ಗದು. ವೈನ್ ಇಡುವ ಪ್ರತ್ಯೇಕ ಫ್ರಿಜ್ ಇಲ್ಲದಿದ್ದರೆ, ಹತ್ತು ವರ್ಷ ಕಾಯುವ ಆಸೆ ಬಿಟ್ಟು, ಬೇರೆಯವರ ನೆಲಮಾಳಿಗೆಯಲ್ಲಿ ಆಗಲೇ ಹತ್ತು ವರ್ಷ ಕಳೆದ ಬಾಟಲಿಯನ್ನು ಕೊಂಡು ಆ ತಿಂಗಳೇ ತೆರೆಯಿರಿ.