ಹೊಸ ಸಾಫ್ಟ್‌ವೇರ್ ಬಂದ ಮೇಲೆ ಹಳೆಯದನ್ನು ಮುಚ್ಚುವ ಕ್ರಮ



ನಮ್ಮ ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಭಾಗದಲ್ಲಿ ಉಂಡೆ ಕೊಬ್ಬರಿಯಾಗಲು ಕಾಯಿ ತಿಂಗಳುಗಟ್ಟಲೆ ಅಟ್ಟದ ಮೇಲೆ ಇರಬೇಕು. ಅಲ್ಲಿಯವರೆಗೆ ಮನೆಯ ಖರ್ಚು ನಡೆಯುವುದು ಹಾಲಿನ ಬಟವಾಡೆಯಿಂದ. ಆ ಬಟವಾಡೆಯ ಲೆಕ್ಕವಾಗಲಿ, ರಾಸುಗಳ ಲಸಿಕೆಯ ಲೆಕ್ಕವಾಗಲಿ ಇಂದು ಇರುವುದು ಕಂಪ್ಯೂಟರಿನಲ್ಲಿ. ಆದ್ದರಿಂದ ಹಳೆಯ ಸಾಫ್ಟ್‌ವೇರ್ ತೆಗೆದು ಹೊಸದನ್ನು ಹಾಕುವಾಗ ಏನೇನು ನಡೆಯಬೇಕು ಎಂಬುದನ್ನು ಕಾರ್ಯದರ್ಶಿಗಳಷ್ಟೇ ಅಲ್ಲ, ಪ್ರತಿಯೊಬ್ಬ ಸದಸ್ಯರೂ ಸ್ವಲ್ಪಮಟ್ಟಿಗೆ ತಿಳಿದಿರುವುದು ಒಳ್ಳೆಯದು.

ಡೇಟಾಬೇಸ್ ಸರ್ವರ್ ಎಂದರೇನು?

ಕಂಪ್ಯೂಟರಿನ ಪರದೆಯ ಮೇಲೆ ನಿಮ್ಮ ಸದಸ್ಯ ಸಂಖ್ಯೆ, ಹಾಲಿನ ಅಳತೆ, ಜಿಡ್ಡು, ದರ ಕಾಣುತ್ತದೆಯಲ್ಲವೇ? ಅದು ಮುಂದಿನ ಬಾಗಿಲು ಮಾತ್ರ. ಅದರ ಹಿಂದೆ ಎಲ್ಲ ಲೆಕ್ಕಗಳನ್ನೂ ಬರೆದಿಟ್ಟು, ಕೇಳಿದಾಗ ಹುಡುಕಿ ಕೊಡುವ ಇನ್ನೊಂದು ಸಾಫ್ಟ್‌ವೇರ್ ಇರುತ್ತದೆ. ಅದೇ ಡೇಟಾಬೇಸ್ ಸರ್ವರ್. ಹಿಂದಿನ ಕಾಲದಲ್ಲಿ ದಫ್ತರ ಕಾಯುತ್ತಿದ್ದ ಗುಮಾಸ್ತರ ಕೆಲಸವನ್ನು ಇದು ಮಾಡುತ್ತದೆ.

ಈ ಸಾಫ್ಟ್‌ವೇರಿಗೂ ಆಯುಸ್ಸು ಇದೆ. ತಯಾರಿಸಿದವರು ಕೆಲವು ವರ್ಷ ಮಾತ್ರ ಅದರ ದೋಷಗಳನ್ನು ಸರಿಪಡಿಸಿಕೊಡುತ್ತಾರೆ. ಮೈಕ್ರೋಸಾಫ್ಟ್ ಕಂಪನಿಯ ಎಸ್.ಕ್ಯೂ.ಎಲ್. ಸರ್ವರ್ 2012ಕ್ಕೆ ಆ ಸೇವೆ 2022ರ ಜುಲೈ 12ಕ್ಕೆ ಮುಗಿಯಿತು; 2014ರ ಆವೃತ್ತಿಗೆ 2024ರ ಜುಲೈ 9ಕ್ಕೆ ಮುಗಿಯಿತು. ಉಚಿತವಾಗಿ ದೊರೆಯುವ ಪೋಸ್ಟ್‌ಗ್ರೆಸ್‌ಗೆ ಪ್ರತಿ ಮುಖ್ಯ ಆವೃತ್ತಿಗೂ ಸುಮಾರು 5 ವರ್ಷ. ಅವಧಿ ಮುಗಿದ ಮೇಲೂ ಅದು ಓಡುತ್ತದೆ, ಆದರೆ ಹೊಸದಾಗಿ ಕಂಡ ದೋಷಕ್ಕೆ ಮದ್ದು ಸಿಗುವುದಿಲ್ಲ. ಆದ್ದರಿಂದ ಬದಲಾವಣೆ ಅನಿವಾರ್ಯ.

ರಾಸುಗಳ ದಾಖಲೆಯ ಉದಾಹರಣೆ

ನಿಮ್ಮ ರಾಸಿನ ಕಿವಿಯೋಲೆಯ ಮೇಲಿರುವ 12 ಅಂಕೆಗಳ ಸಂಖ್ಯೆಯಡಿ ಲಸಿಕೆ, ಕೃತಕ ಗರ್ಭಧಾರಣೆ, ಚಿಕಿತ್ಸೆಗಳ ವಿವರ ದಾಖಲಾಗುತ್ತದೆ. ಮೊದಲು ಈ ದಾಖಲೆ ರಾಷ್ಟ್ರೀಯ ಹೈನು ಅಭಿವೃದ್ಧಿ ಮಂಡಳಿಯವರು ರೂಪಿಸಿದ 'ಇನಾಫ್' ಎಂಬ ವ್ಯವಸ್ಥೆಯಲ್ಲಿತ್ತು. ಈಗ ಅದರ ಸ್ಥಾನದಲ್ಲಿ 'ಭಾರತ್ ಪಶುಧನ್' ಇದೆ. ಇದನ್ನು 2024ರ ಮಾರ್ಚ್ 2ರಂದು ಪ್ರಧಾನಮಂತ್ರಿಗಳು ಬಿಹಾರದ ಬೇಗುಸರಾಯ್‌ನಲ್ಲಿ ದೇಶಕ್ಕೆ ಸಮರ್ಪಿಸಿದರು. ಕಿವಿಯೋಲೆ ಅದೇ, ಸಂಖ್ಯೆಯೂ ಅದೇ. ಹಿಂದಿರುವ ದಫ್ತರ ಮಾತ್ರ ಬೇರೆ.

ಇಂತಹ ವರ್ಗಾವಣೆಯಲ್ಲಿ ಒಂದು ಸಾಲು ಬಿಟ್ಟುಹೋದರೆ ನಷ್ಟ ಯಾರಿಗೆ? ಕಂದು ರೋಗದ ಲಸಿಕೆಯನ್ನು 4ರಿಂದ 8 ತಿಂಗಳ ಹೆಣ್ಣು ಕರುವಿಗೆ ಜೀವಮಾನದಲ್ಲಿ ಒಂದೇ ಬಾರಿ ಹಾಕುತ್ತೇವೆ. ಆ ಕರು ಹಸುವಾಗಿ ನಾಲ್ಕು ವರ್ಷದ ನಂತರ ಗರ್ಭ ಕಂದು ಹಾಕಿದರೆ ವೈದ್ಯರು ಮೊದಲು ಕೇಳುವ ಪ್ರಶ್ನೆ, ಕರುವಾಗಿದ್ದಾಗ ಲಸಿಕೆ ಆಗಿತ್ತೇ ಎಂಬುದು. ದಾಖಲೆ ಇಲ್ಲದಿದ್ದರೆ ಹಸುವಿನ ಮುಖ ನೋಡಿ ಹೇಳಲಾಗದು. ಕಿವಿಯೋಲೆ ಹರಿದುಹೋಗಿ ಹೊಸ ಓಲೆ ಹಾಕಿಸಿದವರಂತೂ ಹಳೆಯ ಸಂಖ್ಯೆಗೆ ಹೊಸ ಸಂಖ್ಯೆ ಜೋಡಣೆಯಾಗಿದೆಯೇ ಎಂದು ಖಂಡಿತ ವಿಚಾರಿಸಬೇಕು. ವಿಮಾ ಪರಿಹಾರ ಕೇಳುವಾಗಲೂ ನೋಡುವುದು ಇದೇ ಸಂಖ್ಯೆಯನ್ನು.

ಎರಡು ತಪ್ಪು ದಾರಿಗಳು

ಸಂಘದ ಕಂಪ್ಯೂಟರಿಗೆ ಬರೋಣ. ಇಲ್ಲಿ ಸಾಮಾನ್ಯವಾಗಿ ಎರಡು ತಪ್ಪುಗಳು ಆಗುತ್ತವೆ.

ಮೊದಲನೆಯದು, ಹೊಸದು ಬಂದ ದಿನವೇ ಹಳೆಯದನ್ನು ಅಳಿಸುವುದು. ತೋಟದಲ್ಲಿ ಹೊಸ ಸಸಿ ನೆಟ್ಟ ದಿನವೇ ಫಲ ಕೊಡುವ ಹಳೆಯ ತೆಂಗನ್ನು ಯಾರೂ ಕಡಿಯುವುದಿಲ್ಲ. ಹೊಸದರಲ್ಲಿ ಲೆಕ್ಕ ತಪ್ಪಿದೆಯೆಂದು ಹದಿನೈದು ದಿನದ ನಂತರ ಗೊತ್ತಾದರೆ ತಾಳೆ ನೋಡಲು ಹಳೆಯದು ಇರಬೇಕು.

ಎರಡನೆಯದು, ಹಳೆಯದನ್ನು ಹಾಗೆಯೇ ಓಡಲು ಬಿಡುವುದು. ಇದು ಹೆಚ್ಚು ಅಪಾಯದ್ದು, ಏಕೆಂದರೆ ಕಣ್ಣಿಗೆ ಕಾಣುವುದಿಲ್ಲ. ಒಣಗಿದ ತೆಂಗಿನ ಮರವನ್ನು ತೋಟದಲ್ಲಿ ಕೊಳೆಯಲು ಬಿಟ್ಟರೆ ಸುಳಿ ಕೊರೆಯುವ ದುಂಬಿ ಅದರಲ್ಲಿ ಮೊಟ್ಟೆಯಿಟ್ಟು, ಪಕ್ಕದ ಹಸಿರು ಮರಗಳಿಗೆ ಏರುತ್ತದೆ. ಹಾಗೆಯೇ ಯಾರೂ ನೋಡಿಕೊಳ್ಳದ ಹಳೆಯ ಸಾಫ್ಟ್‌ವೇರ್ ಮೂಲಕ ಕಂಪ್ಯೂಟರ್ ವೈರಸ್ ಒಳಗೆ ಬರುತ್ತದೆ. 2017ರ ಮೇ ತಿಂಗಳಿನಲ್ಲಿ 'ವಾನಾಕ್ರೈ' ಎಂಬ ವೈರಸ್ ಅನೇಕ ದೇಶಗಳಲ್ಲಿ ಕಡತಗಳಿಗೆ ಬೀಗ ಹಾಕಿ ಹಣ ಕೇಳಿತು. ಅದು ಹೊಕ್ಕಿದ್ದು ದೋಷ ಸರಿಪಡಿಸಿಕೊಳ್ಳದ ಕಂಪ್ಯೂಟರುಗಳಿಗೆ.

ಇನ್ನೂ ಒಂದು ತೊಂದರೆ ಇದೆ. ಹಳೆಯ ಸರ್ವರ್ ಜೀವಂತವಾಗಿದ್ದರೆ ಹಾಲು ಪರೀಕ್ಷೆ ಯಂತ್ರಕ್ಕೆ ಜೋಡಿಸಿದ ಕಂಪ್ಯೂಟರ್ ತನ್ನ ಹಳೆಯ ಅಭ್ಯಾಸದಂತೆ ಅಲ್ಲಿಗೇ ಲೆಕ್ಕ ಬರೆಯುತ್ತಿರಬಹುದು. ಚೀಟಿ ಸರಿಯಾಗಿಯೇ ಬರುತ್ತದೆ. ಆದರೆ ಬಟವಾಡೆ ತಯಾರಾಗುವ ಹೊಸ ದಫ್ತರದಲ್ಲಿ ಆ ಹೊತ್ತಿನ ಹಾಲು ಇರುವುದಿಲ್ಲ. ವರ್ಷಾಂತ್ಯದ ಬೋನಸ್ ಆಗಲಿ, ಬೈಲಾದಲ್ಲಿ ಹೇಳಿದಷ್ಟು ಹಾಲು ಹಾಕಿದವರಿಗೆ ದೊರೆಯುವ ಮತದ ಹಕ್ಕಾಗಲಿ ಇದೇ ಲೆಕ್ಕದ ಮೇಲೆ ನಿಂತಿದೆ.

ಸರಿಯಾದ ಕ್ರಮ

1. ಬದಲಾಯಿಸುವ ಮೊದಲು ಹಳೆಯ ಲೆಕ್ಕದ ಪೂರ್ಣ ಪ್ರತಿಯನ್ನು ಬೇರೊಂದು ಡಿಸ್ಕಿನಲ್ಲಿ ತೆಗೆದಿಡಬೇಕು. ಆ ಪ್ರತಿಯನ್ನು ತೆರೆದು ಓದಲು ಬರುತ್ತದೆಯೇ ಎಂದು ಪರೀಕ್ಷಿಸಬೇಕು. ತೆರೆಯಲು ಬಾರದ ಪ್ರತಿ ಕೀಲಿ ಕಳೆದ ಪೆಟ್ಟಿಗೆಯಿದ್ದಂತೆ.

2. ಸಾಧ್ಯವಾದರೆ ಮಾರ್ಚ್ 31ರ ಲೆಕ್ಕ ಮುಗಿದ ಮೇಲೆ ಬದಲಾವಣೆ ಮಾಡಬೇಕು. ವರ್ಷದ ನಡುವೆ ಮಾಡಿದರೆ ಬೋನಸ್ ಲೆಕ್ಕ ಎರಡು ಕಡೆ ಹರಿದುಹೋಗುತ್ತದೆ.

3. ಹೊಸದು ಶುರುವಾದ ಮೇಲೆ ಒಟ್ಟು ಸದಸ್ಯರ ಸಂಖ್ಯೆ, ಷೇರು ಹಣ, ವರ್ಷದ ಒಟ್ಟು ಲೀಟರ್, ಮುಂಗಡ ಬಾಕಿ, ಈ ನಾಲ್ಕನ್ನು ಎರಡೂ ಕಡೆ ತೆಗೆದು ತಾಳೆ ನೋಡಬೇಕು.

4. ತಾಳೆ ಮುಗಿಯುವವರೆಗೆ ಹಳೆಯದನ್ನು ಓದಲು ಮಾತ್ರ ಇಟ್ಟುಕೊಂಡು, ಹೊಸದಾಗಿ ಬರೆಯಲು ಆಗದಂತೆ ಮಾಡಬೇಕು. ಇದಕ್ಕೆ ಎರಡು ಬಟವಾಡೆಯ ಅವಧಿಯಾದರೂ ಬೇಕು.

5. ನಂತರ ಹಳೆಯ ಸರ್ವರನ್ನು ನಿಲ್ಲಿಸಿ ಕೆಲವು ದಿನ ನೋಡಬೇಕು. ಯಾವ ಕೆಲಸವೂ ನಿಲ್ಲದಿದ್ದರೆ ಮಾತ್ರ ಅದನ್ನು ತೆಗೆದುಹಾಕಬೇಕು. ಕೈಗೆ ಸಿಕ್ಕ ಕಡತಗಳನ್ನು ಅಳಿಸದೆ, ಸಾಫ್ಟ್‌ವೇರ್ ತಿಳಿದವರಿಂದಲೇ ಮಾಡಿಸಬೇಕು. ಹಳೆಯ ಹಾಗೂ ಹೊಸ ಸರ್ವರ್ ಒಂದೇ ಕಡತಗಳನ್ನು ಹಂಚಿಕೊಂಡಿರುವುದೂ ಉಂಟು.

6. ತೆಗೆದ ದಿನಾಂಕ, ಮಾಡಿದವರ ಹೆಸರು, ಪ್ರತಿ ಇಟ್ಟಿರುವ ಜಾಗ, ಇವನ್ನು ನಡವಳಿ ಪುಸ್ತಕದಲ್ಲಿ ಬರೆಯಬೇಕು.

ನೀವು ಮಾಡಬೇಕಾದ್ದು

ತಾಳೆ ನೋಡುವ ಆ ಅವಧಿಯೇ ನಿಮ್ಮ ಅವಕಾಶ. ನಿಮ್ಮ ಸಂಘದಲ್ಲಿ ಸಾಫ್ಟ್‌ವೇರ್ ಬದಲಾದಾಗ ಪಾಸ್‌ಬುಕ್ ಮತ್ತು ಹಾಲಿನ ಚೀಟಿಗಳನ್ನು ಎಸೆಯದೆ ಇಟ್ಟುಕೊಂಡು, ಮೊದಲ ಎರಡು ಬಟವಾಡೆಗಳನ್ನು ಚೀಟಿಯೊಂದಿಗೆ ಹೋಲಿಸಿ ನೋಡಿ. ಹೆಸರು, ಬ್ಯಾಂಕ್ ಖಾತೆ ಸಂಖ್ಯೆ, ಷೇರು ಮೊತ್ತ ಸರಿಯಿದೆಯೇ ಕೇಳಿ. ವ್ಯತ್ಯಾಸ ಕಂಡರೆ ಕಾರ್ಯದರ್ಶಿಗಳಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗದೆ ಬರೆದು ಕೊಡಿ. ಹಳೆಯ ದಫ್ತರ ಮುಚ್ಚಿದ ಮೇಲೆ ಉಳಿಯುವ ಸಾಕ್ಷಿ ನಿಮ್ಮ ಕೈಯಲ್ಲಿರುವ ಚೀಟಿ ಒಂದೇ ಆಗಬಹುದು.

ರಾಸುಗಳ ವಿಷಯದಲ್ಲಿ, ಮುಂದಿನ ಕಾಲುಬಾಯಿ ಜ್ವರದ ಲಸಿಕೆಗೆ ಸಿಬ್ಬಂದಿ ಬಂದಾಗ ಕಿವಿಯೋಲೆ ಸಂಖ್ಯೆಯನ್ನು ಹೇಳಿ, ಭಾರತ್ ಪಶುಧನ್‌ನಲ್ಲಿ ನಿಮ್ಮ ಹೆಸರು, ಮೊಬೈಲ್ ಸಂಖ್ಯೆ, ರಾಸಿನ ಹಿಂದಿನ ಲಸಿಕೆಗಳು ಕಾಣುತ್ತವೆಯೇ ಎಂದು ನೋಡಿಸಿಕೊಳ್ಳಿ. ಮಾರಿದ ಹಾಗೂ ಸತ್ತ ರಾಸುಗಳು ಇನ್ನೂ ನಿಮ್ಮ ಹೆಸರಿನಲ್ಲಿದ್ದರೆ ತೆಗೆಸಿ. ಪ್ರತಿ ರಾಸಿನ ಓಲೆ ಸಂಖ್ಯೆಯನ್ನು ಮನೆಯಲ್ಲಿ ಒಂದು ಪುಸ್ತಕದಲ್ಲಿ ಬರೆದಿಡಿ. ಯಂತ್ರ ಎಷ್ಟು ಬಾರಿ ಬದಲಾದರೂ ಆ ಪುಸ್ತಕ ನಿಮ್ಮ ಹತ್ತಿರ ಇರುತ್ತದೆ.